ಸುರಂಜನ್ ದಾಸ್ ಮತ್ತು ನಮ್ಮಪ್ಪನ ಏಳು ರಿವೆಟ್‌ಗಳು

ಮಂಡ್ಯದ ಫಿಟ್ಟರ್ ಮಗಳು
ಜನವರಿ 7, ರಾತ್ರಿ 8.50

ಈ ವರ್ಷ ಜನವರಿ 10 ಶನಿವಾರ ಬಿದ್ದಿದೆ. 1970ರಲ್ಲಿಯೂ ಅದು ಶನಿವಾರವೇ ಆಗಿತ್ತು ಎಂದು ನಿನ್ನೆ ಅಪ್ಪ ಕ್ಯಾಲೆಂಡರಿನ ಮುಂದೆ ನಿಂತು ಹೇಳಿದರು. ಅವರಿಗೀಗ ಎಂಬತ್ತಾರು ವರ್ಷ. ಬೆಳಗ್ಗೆ ಮಾತ್ರೆ ನುಂಗಿದ್ದು ಮಧ್ಯಾಹ್ನಕ್ಕೆ ನೆನಪಿರುವುದಿಲ್ಲ. ಆ ಶನಿವಾರ ಮಾತ್ರ ಒಂದಿಷ್ಟೂ ಮಾಸಿಲ್ಲ.

ಆ ದಿನ ಬೆಂಗಳೂರಿನ ಎಚ್‌ಎಎಲ್ ವಿಮಾನ ಕಾರ್ಖಾನೆಯ ರನ್‌ವೇಯಿಂದ ಪರೀಕ್ಷೆಗೆಂದು ಮೇಲೆದ್ದ ಮರುತ್ ಯುದ್ಧವಿಮಾನ ಬಿದ್ದು ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್ ತೀರಿಕೊಂಡರು. ಅಪ್ಪ ಆಗ ಅದೇ ಕಾರ್ಖಾನೆಯಲ್ಲಿ ತಗಡಿನ ವಿಭಾಗದ ಫಿಟ್ಟರ್. ಮಂಡ್ಯ ಪಕ್ಕದ ಹಳ್ಳಿಯಿಂದ ಹತ್ತೊಂಬತ್ತನೆಯ ವಯಸ್ಸಿಗೆ ಕೆಲಸಕ್ಕೆ ಸೇರಿದವರು. ನಾಲ್ಕು ದಿನ ಕಳೆದರೆ ಸಂಕ್ರಾಂತಿ. ಅಮ್ಮ ಊರಿನಲ್ಲಿ ಎಳ್ಳು ಬೀರಲು ಕೊಬ್ಬರಿ ಹೆಚ್ಚಿಟ್ಟು ಕಾಯುತ್ತಿದ್ದರಂತೆ. ಅಪ್ಪ ಹಬ್ಬದ ದಿನ ಕೊನೆಯ ಬಸ್ಸಿಗೆ ಬಂದರು. ದನಗಳಿಗೆ ಕಿಚ್ಚು ಹಾಯಿಸುವ ಹೊತ್ತಿನಲ್ಲಿ ಇಡೀ ಊರು ಬೀದಿಯಲ್ಲಿದ್ದರೆ ಅವರು ಮಾತ್ರ ಜಗಲಿಯಿಂದ ಏಳಲಿಲ್ಲ. ಆ ಬೆಂಕಿಯ ಕಡೆ ತಲೆಯೆತ್ತಿ ನೋಡಲೂ ಇಲ್ಲ ಎಂದು ಅಮ್ಮ ಸಾಯುವವರೆಗೂ ಹೇಳುತ್ತಿದ್ದರು. ನನಗಾಗ ನಾಲ್ಕು ವರ್ಷ.

ಅಪ್ಪ ಈಗ ಕುವೆಂಪುನಗರದಲ್ಲಿ ನನ್ನೊಂದಿಗಿದ್ದಾರೆ. ಅವರ ಟ್ರಂಕಿನಲ್ಲಿ ಅಂಗೈ ಅಗಲದ ಒಂದು ಅಲ್ಯೂಮಿನಿಯಂ ತಗಡಿದೆ. ಕೆಲಸ ಕಲಿಯುವಾಗ ಹುಡುಗರಿಗೆ ಅಭ್ಯಾಸಕ್ಕೆ ಕೊಡುತ್ತಿದ್ದ ತುಂಡು. ಒಂದು ಸಾಲಿನಲ್ಲಿ ಏಳು ರಿವೆಟ್‌ಗಳು, ಅಂದರೆ ತಗಡುಗಳನ್ನು ಜೋಡಿಸುವ ಮೊಳೆಗಳು. ಆರರ ಮೇಲೆ ಉಗುರು ಎಳೆದರೆ ಎಲ್ಲಿಯೂ ತಡೆಯುವುದಿಲ್ಲ, ರಿವೆಟ್ ಇರುವುದೇ ಕೈಗೆ ಗೊತ್ತಾಗುವುದಿಲ್ಲ. ಏಳನೆಯದರ ಅಂಚಿಗೆ ಉಗುರು ಸಿಕ್ಕಿಕೊಳ್ಳುತ್ತದೆ. ಅದನ್ನು ಹೊಡೆದದ್ದು ಅಪ್ಪನೇ. ಬೈಸಿಕೊಂಡು, ಆ ತುಂಡನ್ನು ಕೇಳಿ ಪಡೆದು ಇಟ್ಟುಕೊಂಡರಂತೆ.

ನನ್ನ ಮೊಮ್ಮಗನ ಶಾಲೆಯಲ್ಲಿ ಶನಿವಾರ ಹಿರಿಯರನ್ನು ಕರೆದು ಮಾತನಾಡಿಸುತ್ತಾರೆ. ಈ ಬಾರಿ ಅಪ್ಪನ ಸರದಿ. ದಾಸ್ ಬಗ್ಗೆ ಹೇಳುತ್ತೇನೆ ಎನ್ನುತ್ತಾರೆ, ಆದರೆ ಎರಡು ಮಾತಿಗೇ ಗಂಟಲು ಕಟ್ಟುತ್ತದೆ. ನಾನು ಪಕ್ಕದಲ್ಲಿ ಕುಳಿತು ಉಳಿದದ್ದನ್ನು ಹೇಳಬೇಕು. ಮೈಸೂರು, ಮಂಡ್ಯ ಕಡೆಯಲ್ಲಿ ಈ ಸಂಗತಿ ಬಲ್ಲವರು ಇದ್ದೇ ಇರುತ್ತೀರಿ. ಹತ್ತು ವರ್ಷದ ಮಕ್ಕಳಿಗೆ ಈ ಮನುಷ್ಯನ ಬಗ್ಗೆ ಏನು ಹೇಳಲಿ? ದಯವಿಟ್ಟು ಸರಿಯಾದದ್ದನ್ನೇ ತಿಳಿಸಿ.

ಸರಸ್ವತಿಪುರಂ ಮೇಷ್ಟ್ರು
ಜನವರಿ 7, ರಾತ್ರಿ 9.35

ಅಮ್ಮಾ, ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ. ನಾನು ಮೂವತ್ತು ವರ್ಷ ಭೌತವಿಜ್ಞಾನ ಪಾಠ ಮಾಡಿದವನು, ವಿಮಾನಗಳ ಹುಚ್ಚು ಇಂದಿಗೂ ಬಿಟ್ಟಿಲ್ಲ. ತಿಳಿದಷ್ಟು ಹೇಳುತ್ತೇನೆ.

ದಾಸ್ ಕಲ್ಕತ್ತೆಯ ಬಂಗಾಳಿ ಮನೆತನದವರು. ತಂದೆ ಸುಧಿ ರಂಜನ್ ದಾಸ್ ಭಾರತದ ಮುಖ್ಯ ನ್ಯಾಯಮೂರ್ತಿಯಾಗಿದ್ದವರು. ಅಂಥ ಮನೆಯ ಮಗ ಕರಿಕೋಟು ತೊಡಬಹುದಿತ್ತು, ವಾಯುಪಡೆ ಸೇರಿದರು. ಇಂಗ್ಲೆಂಡಿನ ಎಂಪೈರ್ ಟೆಸ್ಟ್ ಪೈಲಟ್ಸ್ ಸ್ಕೂಲ್‌ನಲ್ಲಿ ತರಬೇತಿ ಪಡೆದ ಮೊದಮೊದಲ ಭಾರತೀಯರಲ್ಲಿ ಅವರೂ ಒಬ್ಬರು. ಅಲ್ಲಿ ಕಲಿಸುವುದು ಸಾಹಸವನ್ನಲ್ಲ. ಹಾರುತ್ತಲೇ ಅಳೆಯುವುದನ್ನು, ಅಳೆದದ್ದನ್ನು ಇಳಿದ ಮೇಲೆ ಎಂಜಿನಿಯರ್‌ಗೆ ಅರ್ಥವಾಗುವಂತೆ ಬರೆದುಕೊಡುವುದನ್ನು. ಮಕ್ಕಳಿಗೆ ಹೇಳಬೇಕಾದದ್ದು ಇದೇ ಎಂದು ನನಗನ್ನಿಸುತ್ತದೆ. ಸಿನಿಮಾದಲ್ಲಿ ಟೆಸ್ಟ್ ಪೈಲಟ್ ಎಂದರೆ ಕಪ್ಪು ಕನ್ನಡಕ ಹಾಕಿಕೊಂಡು ಸಾವನ್ನು ಕೆಣಕುವವನು. ನಿಜವಾದ ಟೆಸ್ಟ್ ಪೈಲಟ್ ತೊಡೆಗೆ ಕಟ್ಟಿಕೊಂಡ ಸಣ್ಣ ಹಲಗೆಯ ಮೇಲಿನ ಕಾಗದದಲ್ಲಿ ಅಂಕಿ ಬರೆಯುವವನು. ಇಷ್ಟು ಎತ್ತರ, ಇಷ್ಟು ವೇಗ, ಇಷ್ಟು ಇಂಧನ ಉಳಿದಿದೆ, ಈ ವೇಗದಲ್ಲಿ ಹಿಡಿಕೆ ನಡುಗಿತು, ಇದಕ್ಕಿಂತ ಸ್ವಲ್ಪ ಹೆಚ್ಚಿಸಿದಾಗ ನಡುಕ ನಿಂತಿತು. ಇವತ್ತು ಒಂದು ಹೆಜ್ಜೆ, ನಾಳೆ ಇನ್ನೊಂದು. ನಾಳೆಯ ಹೆಜ್ಜೆಯನ್ನು ಇವತ್ತೇ ಇಡುವವನು ಒಳ್ಳೆಯ ಟೆಸ್ಟ್ ಪೈಲಟ್ ಅಲ್ಲ.

1961ರ ಜೂನ್ 17ರಂದು ಮರುತ್ ವಿಮಾನದ ಮೊದಲ ಮಾದರಿಯನ್ನು ಬೆಂಗಳೂರಿನಲ್ಲಿ ಹಾರಿಸಿದವರು ದಾಸ್. ಜೆಟ್ ಯುದ್ಧವಿಮಾನವೊಂದನ್ನು ಭಾರತದಲ್ಲಿ ರೂಪಿಸಿ ಹಾರಿಸಿದ್ದು ಅದೇ ಮೊದಲು. ಒಂದು ವಾರದ ನಂತರ, ಜೂನ್ 24ರಂದು, ರಕ್ಷಣಾ ಸಚಿವ ಕೃಷ್ಣ ಮೆನನ್ ಅವರ ಎದುರು ಸಾರ್ವಜನಿಕ ಪ್ರದರ್ಶನವಾಯಿತು. 1964ರ ಸೆಪ್ಟೆಂಬರ್ 4ರಂದು ಕಿರಣ್ ತರಬೇತಿ ವಿಮಾನವನ್ನು ಮೊದಲ ಸಲ ಮೇಲೆತ್ತಿದವರೂ ಅವರೇ. ನಮ್ಮ ವಾಯುಪಡೆಯಲ್ಲಿ ಎಷ್ಟು ತಲೆಮಾರಿನ ಹುಡುಗರು ಜೆಟ್ ಹಾರಿಸಲು ಕಲಿತದ್ದು ಕಿರಣ್‌ನಲ್ಲಿ! ಸೂರ್ಯಕಿರಣ ತಂಡ 1996ರಲ್ಲಿ ಶುರುವಾದದ್ದೂ ಆ ವಿಮಾನಗಳಿಂದಲೇ, ತಂಡದ ಹೆಸರಿನಲ್ಲಿಯೇ ಅದು ಉಳಿದಿದೆ. ಬನ್ನಿಮಂಟಪದ ಮೈದಾನದಲ್ಲಿ ದಸರೆಗೆ ಈ ತಂಡವನ್ನು ನೋಡಿದ ಮಕ್ಕಳು ನಿಮ್ಮ ಮೊಮ್ಮಗನ ತರಗತಿಯಲ್ಲಿ ಇದ್ದೇ ಇರುತ್ತಾರೆ. ಅಲ್ಲಿಂದಲೇ ಮಾತು ಶುರುಮಾಡಿ.

ಮದ್ದೂರು ಹುಡುಗ
ಜನವರಿ 7, ರಾತ್ರಿ 10.10

ಅಕ್ಕಾ, ನಾನು ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿನಲ್ಲಿ ಎರಡು ವರ್ಷ ಕೆಲಸ ಮಾಡಿದೆ. ಬೈಯಪ್ಪನಹಳ್ಳಿಯಲ್ಲಿ ಮೆಟ್ರೋ ಇಳಿದು ದಿನವೂ ಸುರಂಜನ್ ದಾಸ್ ರಸ್ತೆಯಲ್ಲಿ ಹೋಗುತ್ತಿದ್ದೆ. ಯಾರೋ ಹಳೆಯ ಬಂಗಾಳಿ ಮುಖಂಡರ ಹೆಸರಿರಬೇಕು ಎಂದುಕೊಂಡಿದ್ದೆ. ಹಳೇ ಮದ್ರಾಸ್ ರಸ್ತೆಯಿಂದ ಎಚ್‌ಎಎಲ್ ಕಡೆಗೆ ಹೋಗುವ ದಾರಿಗೆ ಯಾಕೆ ಆ ಹೆಸರು ಎಂದು ಒಂದು ದಿನವೂ ಕೇಳಿಕೊಳ್ಳಲಿಲ್ಲ. ಈಗ ಓದಿ ಮನಸ್ಸಿಗೆ ಬಹಳ ಕಷ್ಟವಾಯಿತು.

ಒಂದು ಪ್ರಶ್ನೆ. ಮೊದಲ ಸಲ ಹಾರುವ ವಿಮಾನ ಹಾರುತ್ತದೆ ಎಂಬ ಧೈರ್ಯ ಹೇಗೆ ಬರುತ್ತದೆ? ಆಗ ಕಂಪ್ಯೂಟರ್ ಇರಲಿಲ್ಲವಲ್ಲ.

ಸರಸ್ವತಿಪುರಂ ಮೇಷ್ಟ್ರು
ಜನವರಿ 7, ರಾತ್ರಿ 10.40

ಒಳ್ಳೆಯ ಪ್ರಶ್ನೆಯಪ್ಪಾ. ಅದಕ್ಕೆ ಅವರು ಕಂಡುಕೊಂಡ ದಾರಿ ಈಗ ಕೇಳಿದರೂ ಮೈ ಜುಮ್ಮೆನ್ನುತ್ತದೆ. ಮರುತ್‌ನ ಅಳತೆಗೆ ಸರಿಸಮನಾಗಿ, ಅದೇ ರೆಕ್ಕೆ, ಅದೇ ಬಾಲ, ಅದೇ ಆಕಾರದಲ್ಲಿ ಒಂದು ಮರದ ವಿಮಾನ ಮಾಡಿದರು. ಎರಡು ಆಸನ, ಎಂಜಿನ್ ಇಲ್ಲ. ಡಕೋಟಾ ವಿಮಾನಕ್ಕೆ ಹಗ್ಗ ಕಟ್ಟಿ ಅದನ್ನು ಆಕಾಶಕ್ಕೆ ಎಳೆದೊಯ್ದು ಬಿಟ್ಟುಬಿಡುವುದು. ಪೈಲಟ್ ಅದನ್ನು ತೇಲಿಸಿಕೊಂಡು, ಹಿಡಿಕೆ ಹೇಗೆ ಮಾತು ಕೇಳುತ್ತದೆ ಎಂದು ನೋಡಿ, ಇಳಿಸಿ, ವರದಿ ಬರೆಯಬೇಕು. ಮೊದಲ ಹಾರಾಟ 1959ರ ವಸಂತದಲ್ಲಿ. ಮರುವರ್ಷ ಮಾರ್ಚ್ ಹೊತ್ತಿಗೆ 78 ಸಲ ಹಾರಿಸಿದ್ದರು. ಗಾಳಿಗೆ ಎದುರಾಗಿ ಒಡ್ಡುವ ಆಕಾರ ಸರಿಯಿದೆಯೇ ಎಂಬುದನ್ನು ಎಂಜಿನ್ನಿನ ಸದ್ದಿಲ್ಲದೆ ಕೇಳಿಸಿಕೊಂಡ ಹಾಗೆ.

ಮರುತ್ ಅನ್ನು ರೂಪಿಸಿದವರು ಜರ್ಮನಿಯ ಕುರ್ಟ್ ಟ್ಯಾಂಕ್. 1956ರಲ್ಲಿ ತಮ್ಮ ಎಂಜಿನಿಯರ್‌ಗಳ ತಂಡದೊಂದಿಗೆ ಬೆಂಗಳೂರಿಗೆ ಬಂದರು. ಸ್ವತಃ ವಿಮಾನ ಹಾರಿಸುತ್ತಿದ್ದವರು. ಅದಕ್ಕೆ ಮುನ್ನ ಅರ್ಜೆಂಟೀನಾದಲ್ಲಿ ಪುಲ್ಕಿ ಎಂಬ ಜೆಟ್ ಮಾಡಿದ್ದರು, ಅದರಲ್ಲಿ ಇಬ್ಬರು ಪೈಲಟ್‌ಗಳು ಪ್ರಾಣ ಕಳೆದುಕೊಂಡಿದ್ದರು. ಇಂಥ ಕೆಲಸಕ್ಕೆ ತೆರಬೇಕಾದ ಬೆಲೆ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಹಳೆಯ ಕಡತ
ಜನವರಿ 8, ಬೆಳಗ್ಗೆ 6.30

ಎಲ್ಲರ ಭಾವನೆಗಳನ್ನು ಗೌರವಿಸುತ್ತಲೇ ಒಂದು ಮಾತು ಹೇಳಬೇಕಾಗಿದೆ. ಮಕ್ಕಳ ಮುಂದೆ ಮರುತ್ ಅನ್ನು ಗೆಲುವಿನ ಕಥೆಯಾಗಿ ಹೇಳಬೇಡಿ. ಅದನ್ನು ಶಬ್ದದ ಇಮ್ಮಡಿ ವೇಗಕ್ಕಾಗಿ ರೂಪಿಸಿದ್ದು. ಆ ವೇಗ ಅದಕ್ಕೆ ಎಂದೂ ದಕ್ಕಲಿಲ್ಲ. ಬೇಕಾಗಿದ್ದ ಬಲವಾದ ಎಂಜಿನ್ ಬರಲೇ ಇಲ್ಲ. ಬ್ರಿಟನ್ನಿನ ಕಂಪನಿ ಆರ್ಫಿಯಸ್ ಎಂಜಿನ್ನಿನ ಮುಂದಿನ ಮಾದರಿಯನ್ನು ಬೆಳೆಸಲು ಹಣ ಕೇಳಿತು, ನಮ್ಮ ಸರ್ಕಾರ ಕೊಡಲಿಲ್ಲ. ಕೊನೆಗೆ ಪುಟ್ಟ ನ್ಯಾಟ್ ವಿಮಾನಕ್ಕೆ ಒಂದು ಹಾಕುತ್ತಿದ್ದ ಎಂಜಿನ್ನಿನ ಬಳಗದ್ದನ್ನೇ ಇದಕ್ಕೆ ಎರಡು ಹಾಕಿದರು. ಈಜಿಪ್ಟಿನಲ್ಲಿ ತಯಾರಾಗುತ್ತಿದ್ದ ಎಂಜಿನ್ನಿನ ಮೇಲೂ ಆಸೆ ಇಟ್ಟುಕೊಂಡರು, ಅದೂ ಕೈಗೂಡಲಿಲ್ಲ. ಒಂದು ಒಳ್ಳೆಯ ದೇಹಕ್ಕೆ ಹೃದಯ ಸಿಗದೆ ಹೋದ ಕಥೆ ಇದು. ದಾಸ್ ಅಂಥವರು ಆ ಕೊರತೆಯನ್ನು ತುಂಬಲು ಹೋಗಿ ಜೀವ ಕೊಟ್ಟರು. ನನಗೆ ಅದನ್ನು ನೆನೆದರೆ ಹೆಮ್ಮೆಗಿಂತ ಸಂಕಟವೇ ಹೆಚ್ಚು.

ಪಾಂಡವಪುರದ ವಾಯುಸೈನಿಕ
ಜನವರಿ 8, ಬೆಳಗ್ಗೆ 7.45

ಕಡತದವರೇ, ನೀವು ಹೇಳಿದ ಎಂಜಿನ್ನಿನ ಮಾತು ಪೂರ್ತಿ ಒಪ್ಪುತ್ತೇನೆ. ಆದರೆ ಅಲ್ಲಿಗೇ ನಿಲ್ಲಿಸಿದರೆ ಆ ವಿಮಾನಕ್ಕೆ ಅನ್ಯಾಯವಾಗುತ್ತದೆ. ನಾನು ವಾಯುಪಡೆಯಲ್ಲಿ ಏರ್‌ಫ್ರೇಮ್, ಅಂದರೆ ವಿಮಾನದ ಮೈಕಟ್ಟಿನ ವಿಭಾಗದಲ್ಲಿ ಇಪ್ಪತ್ತು ವರ್ಷ ಇದ್ದವನು. ಮರುತ್‌ನ ಕೊನೆಯ ವರ್ಷಗಳಲ್ಲಿ ಅದರ ಮೇಲೆ ಕೈಯಿಟ್ಟು ಕೆಲಸ ಮಾಡಿದ್ದೇನೆ.

1971ರ ಡಿಸೆಂಬರ್ ಯುದ್ಧದಲ್ಲಿ ಮರುತ್‌ಗಳು ರಾಜಸ್ಥಾನದ ಗಡಿಯಲ್ಲಿ ನೆಲಕ್ಕೆ ತಾಗುವಷ್ಟು ಕೆಳಗೆ ಹಾರಿ ಶತ್ರುವಿನ ರೈಲು, ಟ್ಯಾಂಕು, ನೆಲೆಗಳ ಮೇಲೆ ದಾಳಿ ಮಾಡಿದವು. ವೈಮಾನಿಕ ಕಾದಾಟದಲ್ಲಿ ಒಂದೇ ಒಂದು ಮರುತ್ ಕೂಡ ಬೀಳಲಿಲ್ಲ. ಸ್ಕ್ವಾಡ್ರನ್ ಲೀಡರ್ ಕೆ.ಕೆ. ಬಕ್ಷಿ ಅವರು ಡಿಸೆಂಬರ್ 7ರಂದು ಪಾಕಿಸ್ತಾನದ ಸೇಬರ್ ಯುದ್ಧವಿಮಾನವೊಂದನ್ನು ಉರುಳಿಸಿದರು. ನೆಲದಿಂದ ಬಂದ ಗುಂಡಿಗೆ ಒಂದು ಎಂಜಿನ್ ಹೋದರೂ ಇನ್ನೊಂದರ ಮೇಲೆ ಮನೆಗೆ ಮರಳಿದ ವಿಮಾನಗಳಿವೆ. ಕೆಳಮಟ್ಟದ ಹಾರಾಟದಲ್ಲಿ ಅದು ಕಲ್ಲಿನ ಹಾಗೆ ಅಲುಗಾಡದೆ ಹೋಗುತ್ತಿತ್ತು ಎಂದು ಪೈಲಟ್‌ಗಳು ಇಳಿದ ಮೇಲೆ ನಮ್ಮೆದುರಿಗೇ ಹೇಳುತ್ತಿದ್ದರು.

ಆ ಸ್ಥಿರತೆ ಎಲ್ಲಿಂದ ಬಂತು? ವಿನ್ಯಾಸಕಾರರ ಕಾಗದದಿಂದ ಅರ್ಧ ಬಂತು ಎಂದಿಟ್ಟುಕೊಳ್ಳಿ. ಉಳಿದರ್ಧ ಬಂದದ್ದು ಬೆಂಗಳೂರಿನ ಮೇಲೆ ಹತ್ತು ವರ್ಷ ಹಾರಿ, ಇಲ್ಲಿ ನಡುಗುತ್ತದೆ, ಇಲ್ಲಿ ಹಿಡಿಕೆ ಭಾರವಾಗುತ್ತದೆ, ಇದನ್ನು ಬದಲಿಸಿ ಎಂದು ಒಂದೊಂದಾಗಿ ಬರೆದುಕೊಟ್ಟ ಟೆಸ್ಟ್ ಪೈಲಟ್‌ಗಳಿಂದ. ಒಂದು ಎಂಜಿನ್ನಿನ ಮೇಲೆ ಇಳಿಸಬಹುದು ಎಂದು ಯುದ್ಧಕ್ಕೆ ಹೋದ ಹುಡುಗನಿಗೆ ಗೊತ್ತಿತ್ತು. ಅವನಿಗಿಂತ ಮೊದಲು ಇನ್ನೊಬ್ಬರು ಅದನ್ನು ಮಾಡಿನೋಡಿ ಪುಸ್ತಕದಲ್ಲಿ ಬರೆದಿಟ್ಟಿದ್ದರು. ಆ ಯುದ್ಧದ ಹೊತ್ತಿಗೆ ದಾಸ್ ತೀರಿಕೊಂಡು ಎರಡು ವರ್ಷ ತುಂಬುತ್ತಾ ಬಂದಿತ್ತು.

ಒಟ್ಟು 147 ಮರುತ್‌ಗಳು ತಯಾರಾದವು. ನೂರಾ ನಲವತ್ತೇಳು. ಇದನ್ನು ಸೋಲು ಎನ್ನುವವರು ಒಮ್ಮೆ ಆ ಸಂಖ್ಯೆಯನ್ನು ನೋಡಬೇಕು.

ಹಳೆಯ ಕಡತ
ಜನವರಿ 8, ಬೆಳಗ್ಗೆ 8.20

ಸೋಲು ಎಂಬ ಪದ ನಾನು ಬಳಸಿಲ್ಲ ಸರ್. ಗೆಲುವಿನ ಕಥೆಯಾಗಿ ಮಾತ್ರ ಹೇಳಬೇಡಿ ಎಂದೆ. ಆದರೆ ಒಂದು ಎಂಜಿನ್ನಿನ ಮೇಲೆ ಮರಳಿದ ಪೈಲಟ್‌ನ ಬಗ್ಗೆ ನೀವು ಬರೆದದ್ದನ್ನು ನಾನು ಹೀಗೆ ಯೋಚಿಸಿರಲಿಲ್ಲ. ಒಪ್ಪಿದೆ.

ಚಾಮರಾಜಪುರಂ ಗೃಹಿಣಿ
ಜನವರಿ 8, ಮಧ್ಯಾಹ್ನ 1.15

ವಿಮಾನದ ಬಗ್ಗೆ ನನಗೆ ಏನೂ ಗೊತ್ತಿಲ್ಲ, ತಂಗೀ. ನಿಮ್ಮ ತಾಯಿ ಎಳ್ಳು ಬೀರಲು ಕಾಯುತ್ತಿದ್ದ ಮಾತು ಓದಿ ಬರೆಯುತ್ತಿದ್ದೇನೆ. ದಾಸ್ ಅವರು ಮೊದಲ ಹಾರಾಟದಲ್ಲೇ ತೀರಿಕೊಂಡರು ಎಂದು ನಮ್ಮ ಯಜಮಾನರು ಹೇಳುತ್ತಾರೆ. ಮಕ್ಕಳ ಮುಂದೆ ತಪ್ಪಾಗಬಾರದಲ್ಲ, ಹಾಗೆಯೇ?

ಪಾಂಡವಪುರದ ವಾಯುಸೈನಿಕ
ಜನವರಿ 8, ಮಧ್ಯಾಹ್ನ 2.00

ಅಲ್ಲ ತಾಯಿ. ಮರುತ್‌ನ ಮೊದಲ ಹಾರಾಟ 1961ರಲ್ಲಿ, ಅಪಘಾತ 1970ರಲ್ಲಿ. ನಡುವೆ ಎಂಟೂವರೆ ವರ್ಷ. ಅಷ್ಟರಲ್ಲಿ ವಿಮಾನ ವಾಯುಪಡೆಗೆ ಸೇರಿ, ಸ್ಕ್ವಾಡ್ರನ್ನಿನಲ್ಲಿ ದಿನನಿತ್ಯ ಹಾರುತ್ತಿತ್ತು. ದಾಸ್ ಆ ದಿನ ಹಾರಿಸುತ್ತಿದ್ದುದು ಅದರ ಒಂದು ಹೊಸ ರೂಪವನ್ನು. ಅದೇ ಎಂಜಿನ್ನಿಗೆ ಹಿಂದುಗಡೆ ಮರುಜ್ವಲನದ ಏರ್ಪಾಡು ಜೋಡಿಸಿದ ಮಾದರಿ. ವಾಯುಪಡೆಯಲ್ಲಿ ನಾವು ಇದನ್ನು ರೀಹೀಟ್ ಎನ್ನುತ್ತಿದ್ದೆವು.

ಮಂಡ್ಯದವರಿಗೆ ಆಲೆಮನೆಯ ಹೋಲಿಕೆ ಕೊಟ್ಟು ಹೇಳುತ್ತೇನೆ. ಕೊಪ್ಪರಿಗೆಯ ಕೆಳಗೆ ಒಲೆ ಉರಿಯುತ್ತಿರುತ್ತದೆ, ಬಿಸಿ ಹೊಗೆ ಹಿಂದಿನ ಗೂಡಿನಿಂದ ಹೊರಗೆ ಹೋಗುತ್ತಿರುತ್ತದೆ. ಹೊರಗೆ ಹೋಗುವ ಆ ಬಿಸಿಯಲ್ಲಿ ಇನ್ನೂ ಉರಿಸುವ ಕಸುವಿದೆ ಎಂದುಕೊಂಡು, ಗೂಡಿನ ಬಾಯಿಯಲ್ಲೇ ಇನ್ನೊಂದು ಹಿಡಿ ಕಬ್ಬಿನ ಸಿಪ್ಪೆ ತುರುಕಿದರೆ ಭಗ್ಗೆಂದು ಜ್ವಾಲೆ ಹೊರಗೆ ಚಾಚುತ್ತದೆ. ಜೆಟ್ ಎಂಜಿನ್ನಿನ ಬಾಲದಲ್ಲಿ ಹೀಗೆ ಮತ್ತೆ ಇಂಧನ ಚಿಮ್ಮಿಸಿ ಉರಿಸಿದರೆ ತಳ್ಳುವ ಬಲ ಹೆಚ್ಚುತ್ತದೆ. ಒಂದೊಂದು ಎಂಜಿನ್ನಿನ ಬಲ 4,850 ಪೌಂಡಿನಿಂದ 5,720 ಪೌಂಡಿಗೆ ಏರಿತು. ಅಂದರೆ ನೂರಕ್ಕೆ ಹದಿನೆಂಟರಷ್ಟು. ಆದರೆ ಆ ಏರ್ಪಾಡು ಹಿಡಿಸಲು ವಿಮಾನದ ಹಿಂಭಾಗ ಬದಲಾಯಿತು, ಗಾಳಿಯ ತಡೆ ಹೆಚ್ಚಿತು. ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈ ಕಿತ್ತುಕೊಂಡಂತೆ. ಅಷ್ಟಾದರೂ ಅದು ನಮ್ಮವರೇ ಇಲ್ಲಿಯೇ ಕುಳಿತು ಮಾಡಿದ ಮರುಜ್ವಲನ. ಹೊರಗಿನವರು ಎಂಜಿನ್ ಕೊಡದಿದ್ದಾಗ ನಮ್ಮ ಕೈಯಲ್ಲಾದದ್ದನ್ನು ನಾವೇ ಮಾಡಿಕೊಳ್ಳೋಣ ಎಂದು ಹೊರಟ ಕೆಲಸ.

ದಾಸ್ ಆಗ ಐವತ್ತರ ಹೊಸ್ತಿಲಲ್ಲಿದ್ದರು. ಗ್ರೂಪ್ ಕ್ಯಾಪ್ಟನ್ ದರ್ಜೆಯವರು. ಕಿರಿಯರೊಬ್ಬರನ್ನು ಕಳುಹಿಸಿ ಕೆಳಗಿನಿಂದ ನೋಡುತ್ತಾ ನಿಲ್ಲಬಹುದಾದ ಹಂತಕ್ಕೆ ಬಂದಿದ್ದರು. ಹೊಸ ವಿಮಾನದೊಳಗೆ ಅವರೇ ಕುಳಿತರು.

ಮದ್ದೂರು ಹುಡುಗ
ಜನವರಿ 8, ಮಧ್ಯಾಹ್ನ 2.25

ಆಲೆಮನೆಯ ಹೋಲಿಕೆ ಓದಿ ಈಗ ಪೂರ್ತಿ ತಲೆಗೆ ಹತ್ತಿತು ಸರ್. ನಾಲ್ಕು ವರ್ಷ ಕಾಲೇಜಿನಲ್ಲಿ ಇದನ್ನು ಸಮೀಕರಣದಲ್ಲಿ ಮಾತ್ರ ನೋಡಿದ್ದೆ.

ಅಪಘಾತದ ನಂತರ ಏನಾಯಿತು? ಕೆಲಸ ನಿಂತಿತೇ?

ಸರಸ್ವತಿಪುರಂ ಮೇಷ್ಟ್ರು
ಜನವರಿ 8, ಸಂಜೆ 5.10

ಮರುಜ್ವಲನದ ಮರುತ್ ಪಡೆಗೆ ಬರಲಿಲ್ಲ. ಆದರೆ ಕೆಲಸ ನಿಲ್ಲಲಿಲ್ಲ. ಅದೇ ವರ್ಷ ಏಪ್ರಿಲ್ 30ರಂದು ಎರಡು ಆಸನದ ತರಬೇತಿ ಮರುತ್ ಅದೇ ರನ್‌ವೇಯಿಂದ ಮೊದಲ ಸಲ ಹಾರಿತು. ಮೂರೂವರೆ ತಿಂಗಳ ಹಿಂದೆಯಷ್ಟೇ ದಾಸ್ ಅವರನ್ನು ಕಳೆದುಕೊಂಡ ಜನ ಅದನ್ನು ಜೋಡಿಸಿದ್ದು, ಪರೀಕ್ಷಿಸಿದ್ದು, ಅದರೊಳಗೆ ಹತ್ತಿ ಕುಳಿತದ್ದು. ನನಗೆ ಆ ಏಪ್ರಿಲ್ ತಿಂಗಳಿನ ಬಗ್ಗೆಯೇ ಹೆಚ್ಚು ಕುತೂಹಲ. ಅಮ್ಮಾ, ನಿಮ್ಮ ತಂದೆಯವರನ್ನು ಅದರ ಬಗ್ಗೆ ಕೇಳಲು ಸಾಧ್ಯವೇ? ನೋವಾಗುವುದಾದರೆ ಬೇಡ.

ದಾಸ್ ಅವರಿಗೆ ಮರಣೋತ್ತರವಾಗಿ ಪದ್ಮಭೂಷಣ ಬಂತು. ವಾಯುಪಡೆಯ ಟೆಸ್ಟ್ ಪೈಲಟ್ ಶಾಲೆಯಲ್ಲಿ ಸರ್ವತೋಮುಖವಾಗಿ ಉತ್ತಮನಾದ ಅಭ್ಯರ್ಥಿಗೆ ಸುರಂಜನ್ ದಾಸ್ ಹೆಸರಿನ ಪಾರಿತೋಷಕ ಕೊಡುತ್ತಾರೆ. ರಸ್ತೆಯ ಹೆಸರಿಗಿಂತ ಅದು ದೊಡ್ಡದು ಎಂದು ನನಗೆ ಅನ್ನಿಸುತ್ತದೆ, ಏಕೆಂದರೆ ಅದನ್ನು ಪಡೆಯುವವರಿಗೆ ಅವರು ಯಾರೆಂದು ಗೊತ್ತಿರುತ್ತದೆ.

ಇನ್ನೊಂದು ಮಾತು, ಇದು ನಮ್ಮ ಊರಿನ ಅಭಿಮಾನದಿಂದ ಹೇಳುವುದು. ಆ ಕಾರ್ಖಾನೆ ಹುಟ್ಟಿದ್ದು 1940ರ ಡಿಸೆಂಬರ್‌ನಲ್ಲಿ, ವಾಲ್‌ಚಂದ್ ಹೀರಾಚಂದ್ ಅವರ ಉದ್ಯಮಕ್ಕೆ ಮೈಸೂರು ಸಂಸ್ಥಾನ ಕೈಜೋಡಿಸಿದ್ದರಿಂದ. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲ. ಸಂಸ್ಥಾನ 25 ಲಕ್ಷ ರೂಪಾಯಿ ಹಾಕಿತು, 700 ಎಕರೆ ಜಮೀನು ಕೊಟ್ಟಿತು. ಮರುತ್ ಓಡಿದ ನೆಲದಲ್ಲಿ ನಮ್ಮ ಅಜ್ಜಂದಿರು ಕಟ್ಟಿದ ಕಂದಾಯವೂ ಇದೆ. ಮಂಡ್ಯದ ಹುಡುಗನೊಬ್ಬ ಅಲ್ಲಿ ರಿವೆಟ್ ಹೊಡೆದದ್ದು ಆಕಸ್ಮಿಕವಲ್ಲ.

ಮಂಡ್ಯದ ಫಿಟ್ಟರ್ ಮಗಳು
ಜನವರಿ 8, ರಾತ್ರಿ 9.45

ಮೇಷ್ಟ್ರೇ, ನೀವೆಲ್ಲ ಬರೆದದ್ದನ್ನು ಊಟವಾದ ಮೇಲೆ ಅಪ್ಪನಿಗೆ ಓದಿ ಹೇಳಿದೆ. ಎಡಗಿವಿ ರಿವೆಟ್ ಗನ್ನಿನ ಸದ್ದಿಗೆ ಎಂದೋ ಹೋಗಿದೆ, ಬಲಗಡೆ ಕುಳಿತು ಗಟ್ಟಿಯಾಗಿ ಓದಬೇಕು. ಆಲೆಮನೆಯ ಮಾತು ಬಂದಾಗ ತಲೆದೂಗಿದರು. ಏಪ್ರಿಲ್ ಬಗ್ಗೆ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು ಆಮೇಲೆ ಹೇಳತೊಡಗಿದರು. ಅವರು ಹೇಳಿದ್ದನ್ನು ನನ್ನ ಭಾಷೆಯಲ್ಲಿ ಬರೆಯುತ್ತೇನೆ.

ದಾಸ್ ಅವರೊಂದಿಗೆ ಅಪ್ಪ ಒಂದು ಮಾತನ್ನೂ ಆಡಿದವರಲ್ಲ. ಹ್ಯಾಂಗರಿನ ದೊಡ್ಡ ಬಾಗಿಲಿನಿಂದ, ದೂರದಿಂದ, ವಿಮಾನದ ಕಡೆ ನಡೆದುಹೋಗುವುದನ್ನು ಕೆಲವು ಸಲ ನೋಡಿದ್ದಾರೆ ಅಷ್ಟೇ. ಆದರೂ ತಗಡಿನ ವಿಭಾಗದಲ್ಲಿ ಪ್ರತಿಯೊಬ್ಬರಿಗೂ ಆ ವಿಮಾನದೊಳಗೆ ಕೂರುವವರು ಯಾರು ಎಂಬುದು ಗೊತ್ತಿತ್ತು. ರಿವೆಟ್ ಹೊಡೆಯುವುದು ಇಬ್ಬರ ಕೆಲಸ. ಹೊರಗಿನಿಂದ ಒಬ್ಬ ಗನ್ ಒತ್ತುತ್ತಾನೆ, ಒಳಗೆ ಇನ್ನೊಬ್ಬ ರಿವೆಟ್‌ನ ತುದಿಗೆ ಕಬ್ಬಿಣದ ದಿಮ್ಮಿ ಒತ್ತಿ ಹಿಡಿಯುತ್ತಾನೆ. ಅದನ್ನು ಅವರು ಡಾಲಿ ಎನ್ನುತ್ತಿದ್ದರಂತೆ. ಅಪ್ಪ ಸಣಕಲು ಮೈಯವರು, ಬೇರೆಯವರು ನುಗ್ಗಲಾರದ ಕಡೆಗೆಲ್ಲ ಅವರನ್ನೇ ಡಾಲಿ ಹಿಡಿಯಲು ಕಳುಹಿಸುತ್ತಿದ್ದರು. ಒಳಗೆ ಮಲಗಿ, ಬೆವರು ಕಣ್ಣಿಗೆ ಇಳಿಯುತ್ತಿರುವಾಗ, ಹೊರಗಿರುವವನ ಮುಖ ಕಾಣದು. ತಗಡಿನ ಮೇಲೆ ಒಂದು ಸಲ ತಟ್ಟಿದರೆ ಹೊಡಿ, ಎರಡು ಸಲ ತಟ್ಟಿದರೆ ಸರಿಯಾಗಿದೆ, ಮೂರು ಸಲ ತಟ್ಟಿದರೆ ಕಿತ್ತು ಮತ್ತೆ ಹೊಡೆ. ಅಪ್ಪ ಊಟದ ಮೇಜಿನ ಮೇಲೆ ಬೆರಳಿನಿಂದ ತಟ್ಟಿ ತೋರಿಸಿದರು.

ಆ ಶನಿವಾರ ಸುದ್ದಿ ಬಂದಾಗ ಯಾರೂ ಏನನ್ನೂ ಹೇಳಲಿಲ್ಲವಂತೆ. ಒಂದೊಂದೇ ಗನ್ ನಿಂತಿತು. ಅಷ್ಟು ವರ್ಷದಲ್ಲಿ ಕೆಲಸದ ಹೊತ್ತಿನಲ್ಲಿ ಆ ಶೆಡ್ಡಿನಲ್ಲಿ ಫ್ಯಾನಿನ ಸದ್ದು ಕೇಳಿಸಿದ್ದು ಅದೇ ಮೊದಲು. ಅಪ್ಪ ಆ ರಾತ್ರಿ ಕೋಣೆಗೆ ಹೋಗಿ, ಆ ವಿಮಾನದಲ್ಲಿ ತಾವು ಕೈಯಿಟ್ಟ ಜಾಗಗಳನ್ನು ಮನಸ್ಸಿನಲ್ಲೇ ಒಂದೊಂದಾಗಿ ಮುಟ್ಟಿ ನೋಡಿದರಂತೆ. ಅವರ ಕೆಲಸದಲ್ಲಿ ದೋಷವಿತ್ತು ಎಂದು ಯಾರೂ ಎಂದೂ ಹೇಳಲಿಲ್ಲ. ಹಾಗಿದ್ದರೂ ಅಲ್ಲಿದ್ದ ಫಿಟ್ಟರ್‌ಗಳೆಲ್ಲ ಆ ರಾತ್ರಿ ಅದನ್ನೇ ಮಾಡಿರಬೇಕು ಎಂದರು. ಸಂಕ್ರಾಂತಿಯ ದಿನ ಜಗಲಿಯ ಮೇಲೆ ಕುಳಿತಾಗಲೂ ಅದನ್ನೇ ಮಾಡುತ್ತಿದ್ದರಂತೆ. ಐವತ್ತಾರು ವರ್ಷಕ್ಕೆ ಇವತ್ತು ನನಗೆ ಇದು ಗೊತ್ತಾಯಿತು. ಅಮ್ಮನಿಗೆ ಗೊತ್ತಾಗಲೇ ಇಲ್ಲ.

ಏಪ್ರಿಲ್ ಬಗ್ಗೆ ಹೆಚ್ಚು ಹೇಳಲಿಲ್ಲ. ಆ ಮೂರು ತಿಂಗಳು ಯಾರೂ ಎರಡು ಸಲ ತಟ್ಟಲು ಅವಸರ ಮಾಡಲಿಲ್ಲ ಎಂದರು, ಅಷ್ಟೇ.

ಪಾಂಡವಪುರದ ವಾಯುಸೈನಿಕ
ಜನವರಿ 8, ರಾತ್ರಿ 10.20

ತಂಗೀ, ಕಣ್ಣು ಮಂಜಾಗಿ ಎರಡು ಸಲ ಓದಿದೆ. ನಿಮ್ಮ ತಂದೆಯವರಿಗೆ ಒಂದು ಮಾತು ತಿಳಿಸಿ. ನಾನು ಕೆಲಸ ಮಾಡಿದ ಮರುತ್‌ಗಳು ಆ ಹೊತ್ತಿಗೆ ಹತ್ತು ಹದಿನೈದು ವರ್ಷ ಹಳೆಯವು. ಮರಳುಗಾಡಿನ ಬಿಸಿಲಲ್ಲಿ ನಿಂತು, ಗಾಳಿಯಲ್ಲಿ ಮರಳಿನ ಹೊಡೆತ ತಿಂದು ಬಣ್ಣ ಸುಲಿದಿತ್ತು. ಪ್ರತಿ ಹಾರಾಟಕ್ಕೆ ಮುಂಚೆ ರೆಕ್ಕೆಯ ಮೇಲೆ ಅಂಗೈ ಆಡಿಸಿ ಸಡಿಲಾದ ರಿವೆಟ್ ಹುಡುಕುವುದು ನನ್ನ ಕೆಲಸವಾಗಿತ್ತು. ಸಡಿಲಾದ ರಿವೆಟ್‌ನ ಸುತ್ತ ಕಪ್ಪು ಮಸಿಯಂಥ ಗೆರೆ ಇಳಿದಿರುತ್ತದೆ, ಅದರಿಂದ ಗೊತ್ತಾಗುತ್ತದೆ. ಅಪರೂಪಕ್ಕೆ ಸಿಗುತ್ತಿತ್ತು. ಬಹಳ ಅಪರೂಪಕ್ಕೆ. ಇದನ್ನು ಅವರ ಬಲಗಿವಿಯ ಹತ್ತಿರ ಗಟ್ಟಿಯಾಗಿ ಓದಿ.

ಹಳೆಯ ಕಡತ
ಜನವರಿ 9, ಬೆಳಗ್ಗೆ 6.15

ನಿನ್ನೆ ನಾನು ಎಂಜಿನ್ ಬರಲಿಲ್ಲ, ಸರ್ಕಾರ ಹಣ ಕೊಡಲಿಲ್ಲ ಎಂದು ಬರೆದೆ. ಅವೆಲ್ಲ ನಿಜ. ಆದರೆ ನಾನು ಓದಿದ ಕಡತಗಳಲ್ಲಿ ಒಂದು ತಟ್ಟು, ಎರಡು ತಟ್ಟು ಎಂಬ ಮಾತು ಎಲ್ಲಿಯೂ ಇರಲಿಲ್ಲ. ಅಮ್ಮಾ, ನಿಮ್ಮ ತಂದೆ ಹೇಳಿದ್ದನ್ನು ಅವರ ಧ್ವನಿಯಲ್ಲಿಯೇ ಮೊಬೈಲಿನಲ್ಲಿ ಧ್ವನಿಮುದ್ರಣ ಮಾಡಿಕೊಳ್ಳಿ, ಇವತ್ತೇ. ಯಾವ ಇಸವಿಯಲ್ಲಿ ಯಾವ ವಿಭಾಗ, ಯಾವ ಉಪಕರಣ, ಜೊತೆಗಾರರು ಯಾವ ಯಾವ ಊರಿನವರು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಆಮೇಲೆ ಅಕ್ಷರಕ್ಕಿಳಿಸುವ ಕೆಲಸ ನಾನು ಮಾಡಿಕೊಡುತ್ತೇನೆ. ದಾಸ್ ಅವರ ಬಗ್ಗೆ ದಾಖಲೆಗಳಿವೆ. ಅವರು ನಂಬಿ ಒಳಗೆ ಕುಳಿತ ವಿಮಾನವನ್ನು ಜೋಡಿಸಿದ ಕೈಗಳ ಬಗ್ಗೆ ಇರುವ ದಾಖಲೆ ತೀರಾ ಕಡಿಮೆ.

ಮದ್ದೂರು ಹುಡುಗ
ಜನವರಿ 9, ಬೆಳಗ್ಗೆ 9.00

ಅಕ್ಕಾ, ನಾಳೆ ನಾನು ಮೈಸೂರಿಗೆ ಬರುತ್ತೇನೆ. ಶಾಲೆಯವರು ಒಪ್ಪಿದರೆ ಧ್ವನಿಮುದ್ರಣಕ್ಕೆ ನನ್ನಲ್ಲಿ ಒಳ್ಳೆಯ ಮೈಕ್ ಇದೆ. ಬೆಂಗಳೂರಿನ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲಿ ನಿಲ್ಲಿಸಿರುವ ಮರುತ್‌ನ ಚಿತ್ರಗಳನ್ನೂ ತರುತ್ತೇನೆ. ಚಿಕ್ಕಂದಿನಲ್ಲಿ ಶಾಲೆಯ ಪ್ರವಾಸಕ್ಕೆ ಹೋದಾಗ ಅದರ ಮುಂದೆ ನಿಂತು ತೆಗೆಸಿಕೊಂಡದ್ದು. ಅದು ಯಾವ ವಿಮಾನ ಎಂದು ಆಗ ಗೊತ್ತಿರಲಿಲ್ಲ.

ಮಂಡ್ಯದ ಫಿಟ್ಟರ್ ಮಗಳು
ಜನವರಿ 10, ಸಂಜೆ 6.30

ಎಲ್ಲರಿಗೂ ನಮಸ್ಕಾರ. ಈಗಷ್ಟೇ ಮನೆಗೆ ಬಂದೆವು. ಅಪ್ಪ ಮಲಗಿದ್ದಾರೆ.

ಮೇಷ್ಟ್ರು ಹೇಳಿದಂತೆ ಸೂರ್ಯಕಿರಣದಿಂದ ಶುರುಮಾಡಿದೆ. ಕೈಯೆತ್ತಿದ ಮಕ್ಕಳೇ ಹೆಚ್ಚು. ಮರದ ವಿಮಾನವನ್ನು ಹಗ್ಗ ಕಟ್ಟಿ ಎಳೆದೊಯ್ದದ್ದನ್ನು ಹೇಳಿದಾಗ ಒಬ್ಬ ಹುಡುಗಿ ಹಗ್ಗ ಕಡಿದುಹೋಗಿದ್ದರೆ ಎಂದು ಕೇಳಿದಳು. ತೊಡೆಯ ಮೇಲಿನ ಹಲಗೆಯಲ್ಲಿ ಅಂಕಿ ಬರೆಯುವ ಮಾತು ಎಲ್ಲರಿಗೂ ಇಷ್ಟವಾಯಿತು. ಅಷ್ಟು ವೇಗದಲ್ಲಿ ಅಕ್ಷರ ಸೊಟ್ಟ ಆಗುವುದಿಲ್ಲವೇ ಎಂದು ಇನ್ನೊಬ್ಬ ಕೇಳಿದ. ಅಪಘಾತದ ಮಾತನ್ನು ನಾನೇ ಹೇಳಿ ಮುಗಿಸಿದೆ. ಅಪ್ಪ ನನ್ನ ಕೈ ಹಿಡಿದುಕೊಂಡಿದ್ದರು.

ಆಮೇಲೆ ಅವರೇ ಜೇಬಿನಿಂದ ತಗಡಿನ ತುಂಡು ತೆಗೆದು ಮುಂದಿನ ಬೆಂಚಿನವನ ಕೈಗೆ ಕೊಟ್ಟರು. ಕಣ್ಣು ಮುಚ್ಚಿ ಉಗುರು ಎಳೆದು ಕೆಟ್ಟ ರಿವೆಟ್ ಯಾವುದು ಹೇಳು ಎಂದರು. ಮೂವತ್ತೆಂಟು ಮಕ್ಕಳು. ಒಬ್ಬೊಬ್ಬರಾಗಿ ಎಲ್ಲರೂ ಕಣ್ಣು ಮುಚ್ಚಿ ಉಗುರು ಎಳೆದರು, ಎಲ್ಲರೂ ಏಳನೆಯದನ್ನೇ ಹೇಳಿದರು. ನನ್ನ ಮೊಮ್ಮಗ ಕೊನೆಯವನು. ಅವನು ಎಳೆದು ನೋಡಿ, ಮುತ್ತಾತ, ಆರನೆಯದೂ ಚೂರು ತಡೆಯುತ್ತದೆ ಎಂದ. ಅಪ್ಪ ತುಂಡನ್ನು ವಾಪಸು ಪಡೆದು, ಕಿಟಕಿಯ ಬೆಳಕಿಗೆ ಹಿಡಿದು, ಹೆಬ್ಬೆರಳ ಉಗುರನ್ನು ಆರನೆಯದರ ಮೇಲೆ ನಿಧಾನವಾಗಿ ಎಳೆದರು. ಮತ್ತೊಮ್ಮೆ ಎಳೆದರು. ಹೌದಪ್ಪಾ, ತಡೆಯುತ್ತದೆ ಎಂದು, ಬೆಂಚಿನ ಮೇಲೆ ಮೂರು ಸಲ ತಟ್ಟಿದರು.